ಗುಂಪಾಗಿ ಶಿಲ್ಪ, ಚಿತ್ರ ನೋಡುವಾಗ ಮಾತು ಕಥೆಯಲ್ಲೇ ನಿಂತುಹೋಗುತ್ತದೆ. ಹೇಗೆ ನಡೆಸಬೇಕು?

ಪಡಸಾಲೆ:

ನಮಸ್ಕಾರ. ನಮ್ಮದು ಹನ್ನೆರಡು ಜನರ ಓದುಗರ ಬಳಗ. ಪುಸ್ತಕದ ಜೊತೆಗೆ ಕಲಾಕೃತಿಗಳನ್ನೂ ಒಟ್ಟಿಗೆ ನೋಡಿ ಮಾತಾಡೋಣ ಅಂತ ಶುರು ಮಾಡಿದ್ದೇವೆ. ಮುಂದಿನ ತಿಂಗಳುಗಳಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಗಳು, ಬಾದಾಮಿ, ಬೇಲೂರು ಈ ಮೂರು ಪಟ್ಟಿಯಲ್ಲಿವೆ. ತೊಂದರೆ ಏನೆಂದರೆ, ಶಿಲ್ಪದ ಮುಂದೆ ನಿಂತ ಅರ್ಧ ನಿಮಿಷಕ್ಕೆ ಒಬ್ಬರು "ಇದು ನರಸಿಂಹ" ಅಂತಾರೆ, ಇನ್ನೊಬ್ಬರು ಪುರಾಣದ ಕಥೆ ಪೂರ್ತಿ ಹೇಳ್ತಾರೆ, ಉಳಿದವರು ತಲೆಯಾಡಿಸಿ ಮುಂದಿನದಕ್ಕೆ ಹೋಗ್ತಾರೆ. ಚಿತ್ರವಾದರೆ ಪಕ್ಕದ ಫಲಕ ಓದಿ "ಚೆನ್ನಾಗಿದೆ" ಅಂದು ಮುಗೀತು. ಗೈಡ್ ಇಟ್ಟುಕೊಂಡರೆ ನಾವು ಕೇಳುವವರಷ್ಟೇ ಆಗ್ತೀವಿ.

ಎಲ್ಲರೂ ನೋಡಿ ಎಲ್ಲರೂ ಮಾತಾಡುವ ಹಾಗೆ ಇದನ್ನು ನಡೆಸೋದು ಹೇಗೆ? ಎಷ್ಟು ಕೃತಿ, ಎಷ್ಟು ಹೊತ್ತು, ಏನು ಕೇಳಬೇಕು, ಮಾಹಿತಿಯನ್ನು ಯಾವಾಗ ಹೇಳಬೇಕು? ಇದನ್ನು ನಡೆಸಿ ಗೊತ್ತಿರುವವರು ವಿವರವಾಗಿ ಬರೆದರೆ ಉಪಕಾರ.

ಚೌಕಟ್ಟು:

ಪಡಸಾಲೆ ಅವರೇ, ಮೊದಲು ಕೃತಿಗಳ ಸಂಖ್ಯೆ ಇಳಿಸಿ. ಒಂದೂವರೆ ಗಂಟೆಗೆ ಮೂರು ಸಾಕು, ಹೊಸ ಗುಂಪಿಗೆ ಎರಡೇ. ಒಂದೊಂದಕ್ಕೆ 20ರಿಂದ 25 ನಿಮಿಷ. ಇದು ಹೆಚ್ಚಾಯಿತು ಅನ್ನಿಸಬಹುದು. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂನಲ್ಲಿ ನಡೆದು 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ನೋಡುಗರು ಒಂದು ಕೃತಿಯ ಮುಂದೆ ಕಳೆದದ್ದು ಸರಾಸರಿ 27.2 ಸೆಕೆಂಡು. ಫಲಕ ಓದುವ ಸಮಯವೂ ಅದರಲ್ಲೇ ಸೇರಿತ್ತು. ನಿಮ್ಮ ಬಳಗದ "ಅರ್ಧ ನಿಮಿಷ" ಎಲ್ಲ ಕಡೆಯೂ ಇರುವುದೇ. ಹೊತ್ತನ್ನು ಬೇಕಂತಲೇ ಹಿಗ್ಗಿಸದಿದ್ದರೆ ಅದು ಹಿಗ್ಗುವುದಿಲ್ಲ.

ಮೊದಲ ಎರಡು ನಿಮಿಷ ಯಾರೂ ಮಾತಾಡಬಾರದು. ಗಡಿಯಾರ ನೋಡಿಕೊಂಡು ಪೂರ್ತಿ ಕೊಡಿ. ಒಂದು ನಿಮಿಷದ ಹೊತ್ತಿಗೆ ಜನ ಕಾಲು ಬದಲಿಸುತ್ತಾರೆ, ಅಕ್ಕಪಕ್ಕ ನೋಡುತ್ತಾರೆ. ಅಲ್ಲಿ ನೀವು ಬಾಯಿ ತೆರೆದರೆ ಕೆಟ್ಟಿತು. ಅದನ್ನು ದಾಟಿಸಿದರೆ ಕಣ್ಣು ಮತ್ತೆ ಚಿತ್ರಕ್ಕೆ ಮರಳುತ್ತದೆ, ಎರಡನೇ ಸಲ ಕಂಡದ್ದೇ ಮಾತಿಗೆ ಬರುತ್ತದೆ. ಆಮೇಲೆ ಮೂರೇ ಪ್ರಶ್ನೆ:

"ಇಲ್ಲಿ ಏನು ನಡೀತಿದೆ?"
"ಯಾವುದನ್ನು ನೋಡಿ ಹಾಗಂದ್ರಿ?"
"ಇನ್ನೂ ಏನೇನು ಕಾಣ್ತಿದೆ?"

ಇವು ಅಮೆರಿಕದ ಅಬಿಗೈಲ್ ಹೌಸೆನ್ ಮತ್ತು ಫಿಲಿಪ್ ಯೆನವೈನ್ ಸೇರಿ ರೂಪಿಸಿದ 'ವಿಷುಯಲ್ ಥಿಂಕಿಂಗ್ ಸ್ಟ್ರಾಟಜೀಸ್' ಎಂಬ ಪದ್ಧತಿಯ ಪ್ರಶ್ನೆಗಳು. ಎರಡನೆಯದನ್ನು "ಯಾಕೆ ಹಾಗಂದ್ರಿ?" ಅಂತ ಮಾತ್ರ ಕೇಳಬೇಡಿ. ನಮ್ಮಲ್ಲಿ ಅದು ತಕರಾರು ತೆಗೆದ ಹಾಗೆ ಕೇಳಿಸುತ್ತದೆ, ಹೇಳಿದವರು "ಸುಮ್ನೆ ಅನ್ನಿಸ್ತು ಅಷ್ಟೆ" ಅಂತ ಹಿಂದೆ ಸರಿಯುತ್ತಾರೆ. "ಯಾವುದನ್ನು ನೋಡಿ" ಅಂದರೆ ಅವರ ಬೆರಳು ತಾನಾಗಿ ಚಿತ್ರದ ಕಡೆ ಹೋಗುತ್ತದೆ.

ನಡೆಸುವವರ ಮುಖ್ಯ ಕೆಲಸ, ಪ್ರತಿಯೊಬ್ಬರು ಹೇಳಿದ್ದನ್ನು ತಮ್ಮ ಮಾತಿನಲ್ಲಿ ಒಂದು ಸಲ ಮರಳಿ ಹೇಳಿ, ಆ ಜಾಗವನ್ನು ಕೈಯಿಂದ ತೋರಿಸುವುದು. ಯಾರೋ "ಇವಳಿಗೆ ಬೇಜಾರಾಗಿದೆ" ಅಂದರೆ, "ಈಕೆ ಬೇಸರದಲ್ಲಿ ಇರಬಹುದು ಅಂತ ನಿಮಗೆ ಕಾಣ್ತಿದೆ, ಯಾವುದನ್ನು ನೋಡಿ?" ಅನ್ನಿ. ಆ "ಇರಬಹುದು" ಮುಖ್ಯ. ಅದು ಇನ್ನೊಬ್ಬರು ಬೇರೆ ಹೇಳುವುದಕ್ಕೆ ಜಾಗ ಬಿಡುತ್ತದೆ. ಅವರ ಸಾದಾ ಮಾತಿಗೆ ನಿಮ್ಮ ಪಾಂಡಿತ್ಯದ ಪದ ಹಾಕಬೇಡಿ. "ಸೊಂಟ ಒಂದು ಕಡೆ ವಾಲಿದೆ" ಅಂದವರಿಗೆ "ಹೌದು, ತ್ರಿಭಂಗ" ಅಂದರೆ, ಆ ಪದ ಗೊತ್ತಿಲ್ಲದ ನಾಲ್ಕು ಜನ ಮತ್ತೆ ಬಾಯಿ ತೆರೆಯುವುದಿಲ್ಲ. ಮೊದಲು "ಸೊಂಟ ಒಂದು ಕಡೆ, ಭುಜ ಇನ್ನೊಂದು ಕಡೆ" ಅನ್ನಿ, ತ್ರಿಭಂಗದ ಮಾತು ಕೊನೆಗಿರಲಿ.

ಅತಿ ಸಾಮಾನ್ಯವಾದ ತಪ್ಪು "ಕರೆಕ್ಟ್", "ಭೇಷ್" ಅನ್ನುವುದು. ಒಬ್ಬರಿಗೆ ಹಾಗಂದರೆ ಮುಂದಿನವರು ಚಿತ್ರ ಬಿಟ್ಟು ನಿಮ್ಮ ಮುಖ ನೋಡಲು ಶುರು ಮಾಡುತ್ತಾರೆ. ಎಲ್ಲರಿಗೂ ಒಂದೇ ಧ್ವನಿ ಇರಲಿ. ಮಾತು ನಿಂತರೆ ಮನಸ್ಸಿನಲ್ಲೇ ಹತ್ತು ಎಣಿಸಿ, ಆಮೇಲೆ ಮೂರನೇ ಪ್ರಶ್ನೆ ಕೇಳಿ.

ಜಗನ್ಮೋಹನದಲ್ಲಿ ರವಿವರ್ಮನ ಸಂಗೀತಗಾರ್ತಿಯರ ಗುಂಪಿನ ಚಿತ್ರದಿಂದ ಶುರು ಮಾಡಿ. ಬೇರೆ ಬೇರೆ ಪ್ರಾಂತಗಳ ಉಡುಗೆಯಲ್ಲಿರುವ ಹನ್ನೊಂದು ಹೆಂಗಸರು, ವಾದ್ಯಗಳೂ ಬೇರೆ ಬೇರೆ. ಪುರಾಣವಿಲ್ಲ, ಹಾಗಾಗಿ ಕಥೆ ಗೊತ್ತಿರುವವರಿಗೆ ಇಲ್ಲಿ ಮೇಲುಗೈ ಇಲ್ಲ. ಸೀರೆ ಉಟ್ಟ ಬಗೆ, ಒಡವೆ, ವಾದ್ಯ ಹಿಡಿದ ಕೈ, ಇವುಗಳ ಬಗ್ಗೆ ಬಳಗದ ಒಬ್ಬೊಬ್ಬರಿಗೂ ಹೇಳಲು ಏನಾದರೂ ಇರುತ್ತದೆ. ಮಾತು ಉಡುಗೆಯಲ್ಲೇ ಸುತ್ತುತ್ತಿದ್ದರೆ ಒಂದು ಕೆಲಸ ಕೊಡಿ: ಹನ್ನೊಂದು ಜನರ ಕಣ್ಣು ಯಾವ ಕಡೆ ಇದೆ, ಒಬ್ಬೊಬ್ಬರದಾಗಿ ಹೇಳುತ್ತಾ ಬನ್ನಿ. ಅಲ್ಲಿಂದ "ಇವರು ಒಟ್ಟಿಗೆ ನುಡಿಸುತ್ತಿದ್ದಾರಾ, ಒಟ್ಟಿಗೆ ಕೂತಿದ್ದಾರೆ ಅಷ್ಟೇನಾ?" ಎಂಬ ಚರ್ಚೆ ಏಳುತ್ತದೆ. ಚಿತ್ರದ ಜೀವಾಳ ಆ ಪ್ರಶ್ನೆಯಲ್ಲಿದೆ ಅನ್ನುವುದು ನನ್ನ ಅಭಿಪ್ರಾಯ.

ದೀಪ ಹಿಡಿದ ಹೆಂಗಸಿನ ಚಿತ್ರವೂ ಅಲ್ಲೇ ಇದೆ. ಗುಂಪಿನಲ್ಲಿ ಯಾರಾದರೂ ಅದನ್ನು ರವಿವರ್ಮನದು ಅಂದೇ ಅನ್ನುತ್ತಾರೆ. ಅದು ಎಸ್. ಎಲ್. ಹಲ್ದನ್‌ಕರ್ ಅವರದು, ಜಲವರ್ಣ. ಇದನ್ನು ತಕ್ಷಣ ತಿದ್ದಬೇಡಿ. "ಬೆಳಕು ಎಲ್ಲೆಲ್ಲಿ ಬಿದ್ದಿದೆ, ಬೆರಳುಗಳ ಬಣ್ಣ ಏನಾಗಿದೆ, ಬಣ್ಣ ದಪ್ಪಗೆ ಕೂತಿದೆಯಾ, ತೆಳ್ಳಗಿದೆಯಾ?" ಎಂದು ನೋಡಿಸಿ, ಎಣ್ಣೆಬಣ್ಣದ ರವಿವರ್ಮನ ಇನ್ನೊಂದು ಚಿತ್ರದ ಪಕ್ಕ ಹೋಲಿಸಲು ಹೇಳಿ, ಕೊನೆಗೆ ಹೆಸರು ಹೇಳಿ. ಆಗ ತಿದ್ದುಪಡಿ ಯಾರಿಗೂ ಮುಖಭಂಗವಾಗುವುದಿಲ್ಲ.

ಬಳಪದಕಲ್ಲು:

ಚೌಕಟ್ಟು ಹೇಳಿದ ಕ್ರಮ ಚಿತ್ರಶಾಲೆಗೆ ಸರಿ. ಬಾದಾಮಿ, ಬೇಲೂರಿಗೆ ಅದನ್ನು ಹಾಗೇ ಒಯ್ದರೆ ನಡೆಯುವುದಿಲ್ಲ. ಆ ಪದ್ಧತಿ ನೋಡುಗನಿಗೆ ಕಥೆ ಗೊತ್ತಿಲ್ಲ ಎಂದುಕೊಂಡು ಕಟ್ಟಿದ್ದು. ನಮ್ಮ ಜನಕ್ಕೆ ಕಥೆ ಮೊದಲೇ ಗೊತ್ತು. "ಏನು ನಡೀತಿದೆ?" ಅಂದ ಕೂಡಲೇ "ನರಸಿಂಹ ಹಿರಣ್ಯಕಶಿಪುವನ್ನು ಕೊಂದ" ಎಂಬ ಉತ್ತರ ಬರುತ್ತದೆ, ಅದು ಬಂದದ್ದು ನೆನಪಿನಿಂದ, ಕಣ್ಣಿನಿಂದಲ್ಲ. ಹೆಸರು ಹೇಳಬೇಡಿ ಅಂತ ತಡೆದರೂ ಪ್ರಯೋಜನವಿಲ್ಲ, ಎಲ್ಲರಿಗೂ ಗೊತ್ತಿರುವುದನ್ನು ಗೊತ್ತಿಲ್ಲದಂತೆ ನಟಿಸಬೇಕಾಗುತ್ತದೆ.

ಹಾಗಾಗಿ ಹೆಸರನ್ನು ಮೊದಲ ನಿಮಿಷದಲ್ಲೇ ಒಪ್ಪಿಕೊಂಡುಬಿಡಿ. "ಸರಿ, ನರಸಿಂಹ. ಈಗ ಈ ಕಲ್ಲಿನಲ್ಲಿ ಕಥೆಯ ಯಾವ ಗಳಿಗೆ ಇದೆ?" ಎಂದು ಕೇಳಿ. ಬಾದಾಮಿಯ ಮೂರನೇ ಗುಹೆಯ ನರಸಿಂಹನ ಮುಂದೆ ಈ ಪ್ರಶ್ನೆ ಕೇಳಿದರೆ ಗುಂಪು ತಬ್ಬಿಬ್ಬಾಗುತ್ತದೆ. ಅಲ್ಲಿ ತೊಡೆಯ ಮೇಲೆ ಹಿರಣ್ಯಕಶಿಪು ಇಲ್ಲ, ಬಗೆದ ಹೊಟ್ಟೆ ಇಲ್ಲ, ಕರುಳಿನ ಮಾಲೆ ಇಲ್ಲ. ನರಸಿಂಹ ನೆಟ್ಟಗೆ ನಿಂತಿದ್ದಾನೆ, ಆರಾಮವಾಗಿ. ಹೇಳಿದ ಕಥೆ ಕಲ್ಲಿನ ಮೇಲೆ ಇಲ್ಲವೆಂದು ಗುಂಪಿಗೆ ತಾನೇ ಕಂಡುಬಂದ ಮೇಲೆ ನಿಜವಾದ ನೋಟ ಶುರುವಾಗುತ್ತದೆ. ಕೊಂದಾದ ಮೇಲಿನ ಗಳಿಗೆಯೋ? ಕೊಲ್ಲುವ ಮೊದಲೋ? ಕಥೆಯೇ ಇಲ್ಲದೆ ಬರಿಯ ದೇವರ ನಿಲುವೋ? ಮೂವರು ಮೂರು ಹೇಳುತ್ತಾರೆ, ಮೂವರಿಗೂ ಕಲ್ಲಿನಲ್ಲೇ ಆಧಾರ ತೋರಿಸಬೇಕು ಎಂಬ ನಿಯಮ ಇಡಿ. ಕೈಯಲ್ಲಿ ಬೇಲೂರಿನ ಹೊರಗೋಡೆಯ ಉಗ್ರನರಸಿಂಹನ ಒಂದು ದೊಡ್ಡ ಫೋಟೋ ಇರಲಿ, ಎ4 ಅಳತೆಯದು. ಇದನ್ನು ಹದಿನೈದನೇ ನಿಮಿಷಕ್ಕೆ ಹೊರತೆಗೆಯಿರಿ, ಮೊದಲೇ ಬೇಡ. ಒಂದೇ ಹೆಸರಿನ ಎರಡು ಶಿಲ್ಪ ಎಷ್ಟು ಬೇರೆ ಮಾತಾಡುತ್ತವೆ ಅನ್ನುವುದು ಆಗ ಯಾರೂ ವಿವರಿಸದೆಯೇ ಕಾಣುತ್ತದೆ.

ಅದೇ ಗುಹೆಯಲ್ಲಿ ಆದಿಶೇಷನ ಮೇಲಿನ ವಿಷ್ಣುವನ್ನೂ ತಪ್ಪಿಸಬೇಡಿ. ಶೇಷನ ಮೇಲೆ ವಿಷ್ಣು ಅಂದರೆ ಎಲ್ಲರ ಮನಸ್ಸಿನಲ್ಲಿ ಮಲಗಿದ ರಂಗನಾಥ ಇರುತ್ತಾನೆ. ಇಲ್ಲಿ ಕೂತಿದ್ದಾನೆ. ಹಾವಿನ ಸುರುಳಿ ಪೀಠವಾಗಿದೆ, ಹೆಡೆಗಳು ತಲೆಯ ಮೇಲೆ ಕವಿದಿವೆ. "ಹೀಗೆ ಯಾರು ಕೂರುತ್ತಾರೆ?" ಅಂತ ಕೇಳಿದರೆ ಯಾರಾದರೂ ಒಬ್ಬರು "ರಾಜ" ಅನ್ನುತ್ತಾರೆ. ಆಗ ಶಾಸನದ ಮಾತು ತನ್ನಿ: ಈ ಗುಹೆಯನ್ನು ಕಡೆಸಿದವನು ಚಾಲುಕ್ಯ ವಂಶದ ಮಂಗಲೇಶ, ಅಣ್ಣ ಕೀರ್ತಿವರ್ಮ ಆಳುತ್ತಿದ್ದಾಗ, ಶಕ 500ರಲ್ಲಿ, ಅಂದರೆ ಕ್ರಿ.ಶ. 578ರಲ್ಲಿ. ದತ್ತಿಯನ್ನು ಹೇಳುವ ಪುಟ್ಟ ಕನ್ನಡ ಶಾಸನವೂ ಅಲ್ಲೇ ಇದೆ. ಇದೇ ಮಾಹಿತಿಯನ್ನು ಮೊದಲೇ ಹೇಳಿದ್ದರೆ ಎಲ್ಲರೂ ಕೇಳಿ ಮರೆಯುತ್ತಿದ್ದರು. ಅವರೇ "ರಾಜನ ಹಾಗೆ" ಅಂದ ಮೇಲೆ ಹೇಳಿದರೆ, ತಮ್ಮ ಮಾತಿಗೆ ಆಧಾರ ಸಿಕ್ಕಿತೋ ಇಲ್ಲವೋ ಅಂತ ತೂಗಿ ನೋಡುತ್ತಾರೆ.

ಅದೇ ಗುಹೆಯ ತ್ರಿವಿಕ್ರಮನ ಎತ್ತಿದ ಕಾಲಿನ ತುದಿಯ ಬಳಿ ಒಂದು ಮುಖ ಇದೆ. ಕೆಲವು ವಿದ್ವಾಂಸರು ಅದನ್ನು ರಾಹು ಅನ್ನುತ್ತಾರೆ. ಇದನ್ನು ನೀವು ತೋರಿಸಬೇಡಿ, ಗುಂಪೇ ಕಂಡುಹಿಡಿಯಲಿ.

ಮೊದಲ ಗುಹೆಯ ಹದಿನೆಂಟು ಕೈಯ ನಟರಾಜನಿಗೆ ಬೇರೆ ಉಪಾಯ. ಬಲಗಡೆಯ ಒಂಬತ್ತರಲ್ಲಿ ಒಂದು ಕೈ, ಎಡಗಡೆಯ ಒಂಬತ್ತರಲ್ಲಿ ಒಂದು ಕೈ ಸೇರಿಸಿ 81 ಭಂಗಿ ಎಂದು ಅಲ್ಲಿನ ಗೈಡ್‌ಗಳು ಹೇಳುವುದುಂಟು. ಅದನ್ನು ಕೇಳಿ ಬಿಡುವ ಬದಲು ಮಾಡಿ ನೋಡಿ. ಇಬ್ಬಿಬ್ಬರ ಜೋಡಿ ಮಾಡಿ, ಪ್ರತಿ ಜೋಡಿ ಒಂದು ಬಲಗೈ, ಒಂದು ಎಡಗೈ ಆರಿಸಿ ತಮ್ಮ ಮೈಯಲ್ಲಿ ಆ ಭಂಗಿ ಹಿಡಿಯಲಿ, ಉಳಿದವರು ಅದು ಯಾವ ಕೈಗಳೆಂದು ಶಿಲ್ಪದಲ್ಲಿ ಹುಡುಕಲಿ. ಹತ್ತು ನಿಮಿಷಕ್ಕೆ ಎಲ್ಲರೂ ಹದಿನೆಂಟು ಕೈಯನ್ನೂ ನೋಡಿರುತ್ತಾರೆ. ನಾಚಿಕೊಳ್ಳುವವರಿಗೆ ಹುಡುಕುವ ಕೆಲಸ ಕೊಡಿ.

ಶಾಸನಪ್ರಿಯ:

ಮಾಹಿತಿಯನ್ನು ಕೊನೆಗೆ ಇಡಬೇಕು ಎಂಬುದನ್ನು ಪೂರ್ತಿ ಒಪ್ಪಲಾರೆ. ಮಾಹಿತಿಯಲ್ಲಿ ಎರಡು ಬಗೆ. ಕೃತಿಯ ಮೈಗೆ ಸೇರಿದ್ದು ಒಂದು: ಯಾವ ಕಲ್ಲು, ಯಾವುದು ಮುರಿದಿದೆ, ಯಾವುದು ಆಮೇಲೆ ಸೇರಿಸಿದ್ದು, ಬಣ್ಣ ಇತ್ತೇ, ಮೂಲ ಜಾಗ ಇದೇನಾ. ಅರ್ಥಕ್ಕೆ ಸೇರಿದ್ದು ಇನ್ನೊಂದು. ಮೊದಲನೆಯದನ್ನು ಬಾಯಿ ತೆರೆಯುವ ಮುನ್ನವೇ ಎರಡು ವಾಕ್ಯದಲ್ಲಿ ಹೇಳಿಬಿಡಬೇಕು. ಇಲ್ಲದಿದ್ದರೆ ಮುರಿದ ಮುಂಗೈಗೆ ಗುಂಪು ಹತ್ತು ನಿಮಿಷ ಅರ್ಥ ಹುಡುಕುತ್ತದೆ, ಆಮೇಲೆ "ಅದು ಒಡೆದುಹೋಗಿದ್ದು" ಅಂದಾಗ ಆ ಹತ್ತು ನಿಮಿಷ ಮಾತಾಡಿದವರಿಗೆ ಅವಮಾನ. ಬಾದಾಮಿಯ ಮೂರನೇ ಗುಹೆಯ ಕಲ್ಲಿನ ಕೆಂಪು ಬಣ್ಣದ ಬಗ್ಗೆ ಜನ ಬಹಳ ಮಾತಾಡುತ್ತಾರೆ. ಅದೇ ಗುಹೆಯಲ್ಲಿ, ಮೇಲೆ ಕಪೋತದ, ಅಂದರೆ ಹೊರಚಾಚಿದ ಸೂರಿನ, ಒಳಬಾಗಿನಲ್ಲಿ ವರ್ಣಚಿತ್ರದ ಕುರುಹು ಇಂದಿಗೂ ಇದೆ. ಅದನ್ನು ಮೊದಲೇ ತೋರಿಸಿದರೆ, ಈಗ ಕಾಣುವ ಬರಿಗಲ್ಲೇ ಅಂದಿನ ನೋಟ ಅಂದುಕೊಳ್ಳುವುದು ತಪ್ಪುತ್ತದೆ. ಬೇಲೂರು, ಹಳೇಬೀಡಿನದು ಬಳಪದ ಕಲ್ಲು, ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವಂಥದ್ದು. ಬಾದಾಮಿಯದು ಮರಳುಗಲ್ಲು. ಒಡವೆಯ ಕುಸುರಿ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಏಕೆ ಎಂಬ ಚರ್ಚೆಗೆ ಇದು ಗೊತ್ತಿರಲೇಬೇಕು.

ಎರಡನೆಯದಾಗಿ, ಕೆಲವು ಕಡೆ ನೋಡುವುದನ್ನೇ ಕಲಿಸಬೇಕಾಗುತ್ತದೆ. ಸೋಮನಾಥಪುರಕ್ಕೆ ಹೋದರೆ ನಿಂತ ವಿಷ್ಣುಗಳೆಲ್ಲ ಒಂದೇ ಥರ ಕಾಣುತ್ತವೆ. ವಿಷ್ಣುವಿನ ಚತುರ್ವಿಂಶತಿ (ಇಪ್ಪತ್ತನಾಲ್ಕು) ರೂಪಗಳನ್ನು ಗುರುತಿಸುವುದು ಶಂಖ, ಚಕ್ರ, ಗದೆ, ಪದ್ಮ ಯಾವ ಕೈಯಲ್ಲಿವೆ ಎಂಬುದರಿಂದ. ಓದುವ ಕ್ರಮ ಹೀಗೆ: ಕೆಳಗಿನ ಬಲಗೈಯಿಂದ ಶುರು, ಅಲ್ಲಿಂದ ಮೇಲಿನ ಬಲಗೈ, ಮೇಲಿನ ಎಡಗೈ, ಕೊನೆಗೆ ಕೆಳಗಿನ ಎಡಗೈ. ಪದ್ಮ, ಶಂಖ, ಚಕ್ರ, ಗದೆ ಈ ಕ್ರಮದಲ್ಲಿದ್ದರೆ ಕೇಶವ. ಎಲ್ಲರೂ ಎಡವುವುದು ಒಂದೇ ಕಡೆ, ಬಲಗೈ ಅಂದರೆ ದೇವರ ಬಲಗೈ, ನೋಡುವವರಿಗೆ ಅದು ಎಡಗಡೆ. ಇದನ್ನು ಮೊದಲೇ ಹೇಳಿ, ಒಂದು ಮೂರ್ತಿಯಲ್ಲಿ ತೋರಿಸಿ, ಇಬ್ಬಿಬ್ಬರಿಗೆ ನಾಲ್ಕು ನಾಲ್ಕು ಮೂರ್ತಿ ಹಂಚಿ. ಗ್ರಂಥದಿಂದ ಗ್ರಂಥಕ್ಕೆ ಪಟ್ಟಿಯಲ್ಲಿ ವ್ಯತ್ಯಾಸವಿದೆ, ಆದ್ದರಿಂದ ಹೆಸರಿನಲ್ಲಿ ಭಿನ್ನಾಭಿಪ್ರಾಯ ಬಂದರೆ ಗಾಬರಿ ಬೇಡ, ಯಾವ ಕೈಯಲ್ಲಿ ಏನಿದೆ ಎಂಬುದು ಸರಿಯಾಗಿ ಬರೆದಿದ್ದರೆ ಸಾಕು.

ಬೇಲೂರಿನಲ್ಲಿ ಮದನಿಕೆಯರೆಂಬ ಹೆಣ್ಣುಶಿಲ್ಪಗಳ ಕೆಳಗಿನ ಬರಹವನ್ನೂ ನೋಡಿಸಿ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಹೆಸರು ಕೆತ್ತಿದ್ದಾರೆ. "ಶಿಲ್ಪಿಗಳು ಹೆಸರು ಹಾಕುತ್ತಿರಲಿಲ್ಲ" ಎಂದು ಗುಂಪಿನಲ್ಲಿ ಒಬ್ಬರಾದರೂ ಹೇಳುವುದರಿಂದ ಇದು ಕೆಲಸಕ್ಕೆ ಬರುತ್ತದೆ.

ಬಳಪದಕಲ್ಲು:

ಶಾಸನಪ್ರಿಯರ ಮೊದಲ ಮಾತು ನೂರಕ್ಕೆ ನೂರು ಒಪ್ಪಿದೆ. ಮುರಿದದ್ದು, ಸೇರಿಸಿದ್ದು ಮೊದಲೇ ಹೇಳಬೇಕು. ಕೈಗಳ ಕ್ರಮದ ಬಗ್ಗೆ ಒಂದು ಎಚ್ಚರಿಕೆ: ಆ ಅಭ್ಯಾಸ ಶುರುವಾದರೆ ಗುಂಪು ಮುಖ, ನಿಲುವು, ಪ್ರಭಾವಳಿ ಏನನ್ನೂ ನೋಡದೆ ಆಯುಧ ಮಾತ್ರ ಎಣಿಸುತ್ತದೆ. ಒಂದು ಮೂರ್ತಿಯನ್ನು ಹದಿನೈದು ನಿಮಿಷ ಸುಮ್ಮನೆ ನೋಡಿ ಮಾತಾಡಿದ ಮೇಲೆ ಈ ಎಣಿಕೆ ಇಟ್ಟುಕೊಳ್ಳಿ, ಅದೇ ದಿನವಾದರೂ ಸರಿ.

ಪಡಸಾಲೆ:

ಇಷ್ಟು ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ, ತುಂಬ ಧನ್ಯವಾದ. ಇನ್ನೆರಡು ಅನುಮಾನ. ಬಳಗದಲ್ಲಿ ಒಬ್ಬರು ಹಿರಿಯರು, ನಿವೃತ್ತ ಮೇಷ್ಟ್ರು, ಪುರಾಣ ಚೆನ್ನಾಗಿ ಬಲ್ಲವರು. ಅವರು ಮಾತು ಶುರು ಮಾಡಿದರೆ ಯಾರೂ ತಡೆಯೋ ಹಾಗಿಲ್ಲ, ತಡೆಯೋದು ಮರ್ಯಾದೆಯೂ ಅಲ್ಲ. ಎರಡನೆಯದು, ಬೆಂಗಳೂರಿನ ಮಾಣಿಕ್ಯವೇಲು ಮ್ಯಾನ್ಷನ್‌ನ ಆಧುನಿಕ ಕಲಾ ಗ್ಯಾಲರಿಗೂ ಹೋಗೋಣ ಅಂತ ಕೆಲವರು. ಅಮೂರ್ತ ಚಿತ್ರದಲ್ಲಿ "ಏನು ನಡೀತಿದೆ?" ಅಂತ ಕೇಳಿದರೆ ಏನೂ ಇಲ್ಲ ಅಂತಾರೆ.

ಚೌಕಟ್ಟು:

ಮೇಷ್ಟ್ರಿಗೆ ಮೊದಲೇ, ಒಬ್ಬರೇ ಇರುವಾಗ, ಒಂದು ಜವಾಬ್ದಾರಿ ಒಪ್ಪಿಸಿ. "ಸಾರ್, ಕೊನೆಯ ಐದು ನಿಮಿಷ ನಿಮ್ಮದು. ಬಳಗ ಹೇಳಿದ್ದರಲ್ಲಿ ಯಾವುದಕ್ಕೆ ಪುರಾಣದಲ್ಲಿ ಆಧಾರ ಇದೆ, ಯಾವುದಕ್ಕೆ ಇಲ್ಲ, ನೀವೇ ಹೇಳಬೇಕು. ಅದಕ್ಕೆ ಎಲ್ಲರ ಮಾತೂ ಕೇಳಿಸ್ಕೊಂಡಿರಿ." ಇದು ಅವರನ್ನು ಸುಮ್ಮನಿರಿಸುವ ತಂತ್ರವಾಗಬಾರದು, ಅವರ ಐದು ನಿಮಿಷ ನಿಜಕ್ಕೂ ಅವರಿಗೆ ಸಿಗಬೇಕು. ಮಧ್ಯೆ ಕಥೆ ಶುರುವಾದರೂ ಒಂದೇ ಸಾಲು: "ಸಾರ್, ಅದು ಈ ಕಲ್ಲಲ್ಲಿ ಎಲ್ಲಿ ಕಾಣ್ತದೆ, ತೋರಿಸ್ತೀರಾ?" ಕಂಡರೆ ಎಲ್ಲರಿಗೂ ಲಾಭ, ಕಾಣದಿದ್ದರೆ ಅವರೇ "ಇಲ್ಲಿ ಇಲ್ಲ" ಅನ್ನುತ್ತಾರೆ. ಮಾತೇ ಆಡದವರಿಗೆ ಹೆಸರು ಹಿಡಿದು ಕೇಳಬೇಡಿ. ನೋಡಿದ ಮೇಲೆ ಪಕ್ಕದವರ ಜೊತೆ ಎರಡು ನಿಮಿಷ ಮಾತಾಡಿಕೊಳ್ಳಲು ಬಿಡಿ, ಆಮೇಲೆ "ನಿಮ್ಮ ಜೊತೆಯವರು ಏನು ಕಂಡರು?" ಅಂತ ಕೇಳಿ. ಇನ್ನೊಬ್ಬರ ಮಾತು ಹೇಳಲು ಸಂಕೋಚ ಇರುವುದಿಲ್ಲ.

ಅಮೂರ್ತ ಚಿತ್ರಕ್ಕೆ ಮೊದಲ ಪ್ರಶ್ನೆ ಬದಲಿಸಿ: "ಕಣ್ಣು ಮೊದಲು ಎಲ್ಲಿಗೆ ಹೋಯಿತು? ಅಲ್ಲಿಂದ ಎಲ್ಲಿಗೆ?" ಪ್ರತಿಯೊಬ್ಬರೂ ತಮ್ಮ ಕಣ್ಣಿನ ದಾರಿಯನ್ನು ಒಂದು ಹಾಳೆಯಲ್ಲಿ ಬಾಣ ಹಾಕಿ ಗುರುತಿಸಲಿ. ಹನ್ನೆರಡು ಹಾಳೆ ಪಕ್ಕಪಕ್ಕ ಹಿಡಿದರೆ ಏಳೆಂಟು ಒಂದೇ ಕಡೆಯಿಂದ ಶುರುವಾಗಿದ್ದರೆ, ಅಲ್ಲಿ ಏನಿದೆ ಅಂತ ಕೇಳಿ: ಗಾಢ ಬಣ್ಣವೋ, ಚೂಪು ಅಂಚೋ, ಖಾಲಿ ಜಾಗವೋ. ಆಮೇಲೆ ಒಂದು ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ಚಿತ್ರದ ಒಂದು ಬಣ್ಣದ ತುಂಡನ್ನು ಮರೆಮಾಡಲು ಹೇಳಿ. ಅದು ಇಲ್ಲದಾಗ ಉಳಿದದ್ದು ಯಾವ ಕಡೆ ವಾಲಿತು? ಕಲಾವಿದ ಅದನ್ನು ಅಲ್ಲೇ ಇಟ್ಟದ್ದಕ್ಕೆ ಕಾರಣ ಹುಡುಕುವ ಮಾತು ಇಲ್ಲಿಂದ ಹುಟ್ಟುತ್ತದೆ. "ಇದನ್ನು ನನ್ನ ಮೊಮ್ಮಗನೂ ಬರೀತಾನೆ" ಅಂದವರನ್ನು ಖಂಡಿಸಬೇಡಿ, "ಯಾವ ಭಾಗ ಮಗು ಬರೆದ ಹಾಗಿದೆ, ಯಾವ ಭಾಗ ಹಾಗಿಲ್ಲ?" ಅಂತ ಕೇಳಿ. ಅದೂ ನೋಡಿ ಹೇಳಬೇಕಾದ ಉತ್ತರವೇ.

ಜಗತಿ:

ಸ್ಥಳದ ವ್ಯವಸ್ಥೆಯ ಬಗ್ಗೆ ಯಾರೂ ಬರೆದಿಲ್ಲ, ಅರ್ಧ ಕಾರ್ಯಕ್ರಮ ಕೆಡುವುದು ಅಲ್ಲೇ.

ಹನ್ನೆರಡು ಜನ ಅರ್ಧಚಂದ್ರಾಕಾರವಾಗಿ ಎರಡು ಸಾಲು ನಿಲ್ಲಿ, ಮುಂದಿನ ಸಾಲು ಮಡಚುವ ಸ್ಟೂಲಿನ ಮೇಲೆ ಕೂರಲಿ. ಮ್ಯೂಸಿಯಂಗೆ ಸ್ಟೂಲು ತರಬಹುದೇ ಎಂದು ಮೊದಲೇ ಕೇಳಿ. ಹದಿನೈದು ದಾಟಿದರೆ ಎರಡು ಗುಂಪು ಮಾಡಿ, ಹಿಂದಿನವರಿಗೆ ಕೇಳಿಸದಿದ್ದರೆ ಅವರು ಮೊಬೈಲ್ ತೆಗೆಯುತ್ತಾರೆ. ನಡೆಸುವವರು ಕೃತಿಯ ಪಕ್ಕಕ್ಕೆ ನಿಲ್ಲಬೇಕು, ಬೆನ್ನು ಕೃತಿಗೂ ಅಲ್ಲ, ಗುಂಪಿಗೂ ಅಲ್ಲ. ಗ್ಯಾಲರಿಯಲ್ಲಿ ತೋರಿಸುವಾಗ ಬೆರಳು ಕ್ಯಾನ್‌ವಾಸಿನಿಂದ ಒಂದು ಮೊಳ ದೂರ ಇರಲಿ. ಟಿಪ್ಪಣಿಗೆ ಪೆನ್ ಬೇಡ, ಪೆನ್ಸಿಲ್ ತನ್ನಿ.

ಬೇಲೂರಿನ ಮದನಿಕೆಯರು ಸೂರಿನ ಕೆಳಗೆ, ಮುಂದಕ್ಕೆ ಬಾಗಿಕೊಂಡು ಇದ್ದಾರೆ. ಬರಿಗಣ್ಣಿಗೆ ಕಾಣುವುದು ಅರ್ಧ ಮಾತ್ರ. ಎಂಟು ಪಟ್ಟು ದೊಡ್ಡದಾಗಿ ತೋರಿಸುವ ದುರ್ಬೀನು ನಾಲ್ಕು ಜನಕ್ಕೆ ಒಂದರಂತೆ ಬೇಕು, ಇಲ್ಲದಿದ್ದರೆ ದಾಸೋಜನ ಹೆಸರು ಓದುವ ಮಾತೇ ಇಲ್ಲ. ಒಬ್ಬರು ದುರ್ಬೀನಿನಲ್ಲಿ ಕಂಡದ್ದನ್ನು ಹೇಳುತ್ತಾ ಹೋಗಲಿ, ಉಳಿದವರು ಬರಿಗಣ್ಣಿನಲ್ಲಿ ಅದರ ಜಾಗ ಹುಡುಕಲಿ, ಮೂರು ನಿಮಿಷಕ್ಕೊಮ್ಮೆ ಕೈ ಬದಲಿಸಿ. ಕತ್ತು ನೋಯುವುದರಿಂದ ಮದನಿಕೆಗಳಿಗೆ ಹದಿನೈದು ನಿಮಿಷಕ್ಕಿಂತ ಹೆಚ್ಚು ಕೊಡಬೇಡಿ. ಚಪ್ಪಲಿ ಹೊರಗೆ ಬಿಡಬೇಕು, ಬೇಸಿಗೆಯಲ್ಲಿ ಹನ್ನೊಂದು ಗಂಟೆಯ ಮೇಲೆ ಜಗತಿಯ, ಅಂದರೆ ಗುಡಿ ನಿಂತಿರುವ ಎತ್ತರದ ಕಟ್ಟೆಯ, ಕಲ್ಲು ಕಾಲು ಸುಡುತ್ತದೆ. ದಪ್ಪ ಕಾಲುಚೀಲ ತರಲು ಹೇಳಿ, ಹೊರಗೋಡೆಯನ್ನು ಬೆಳಿಗ್ಗೆಯೇ ಮುಗಿಸಿ. ಅಲ್ಲಿ ಪೂಜೆ ನಡೆಯುತ್ತದೆ, ಒಳಮಂಟಪವಾದ ನವರಂಗದಲ್ಲಿ ಗುಂಪು ಕಟ್ಟಿಕೊಂಡು ಚರ್ಚೆ ಮಾಡುವುದು ಬರುವ ಭಕ್ತರಿಗೆ ತೊಂದರೆ. ಒಳಗೆ ಸುಮ್ಮನೆ ನೋಡಿ, ಮಾತು ಹೊರಗೆ ಜಗತಿಯ ಮೇಲೆ.

ಉಬ್ಬುಶಿಲ್ಪಕ್ಕೆ ಎದುರಿನಿಂದ ಬೆಳಕು ಬಿದ್ದರೆ ಚಪ್ಪಟೆಯಾಗಿ ಕಾಣುತ್ತದೆ, ಪಕ್ಕದಿಂದ ಬಿದ್ದರೆ ಆಳ ಎದ್ದು ನಿಲ್ಲುತ್ತದೆ. ಗುಹೆಯೊಳಗೆ ಟಾರ್ಚ್ ಬಳಸಲು ಕಾವಲುಗಾರರು ಒಪ್ಪಿದರೆ ಅದನ್ನು ಶಿಲ್ಪದ ಬದಿಗೆ, ಎದೆಯ ಎತ್ತರಕ್ಕೆ ಹಿಡಿದು ಮೆಲ್ಲಗೆ ಮೇಲೆ ಕೆಳಗೆ ಆಡಿಸಿ. ಬೆಳಕು ಬದಲಾದಾಗ ಮುಖಭಾವವೇ ಬದಲಾದಂತೆ ಕಾಣುತ್ತದೆ. ನರಸಿಂಹ ಶಾಂತನೋ ಅಲ್ಲವೋ ಎಂಬ ಚರ್ಚೆ ಹತ್ತಿದಾಗ ಇದನ್ನು ಮಾಡಿ.

ಬಾದಾಮಿಯಲ್ಲಿ ಕೋತಿಗಳ ಕಾಟ ಜಾಸ್ತಿ. ತಿಂಡಿ, ಪ್ಲಾಸ್ಟಿಕ್ ಕವರ್ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಬೇಡಿ, ನೀರಿನ ಬಾಟಲಿಯೂ ಚೀಲದ ಒಳಗಿರಲಿ. ಬಳಪದಕಲ್ಲು ಹೇಳಿದ ಎ4 ಫೋಟೋಗಳನ್ನು ರಟ್ಟಿಗೆ ಅಂಟಿಸಿ, ಬಟ್ಟೆಯ ಚೀಲದಲ್ಲಿ ಒಯ್ಯಿರಿ. ಮೂರನೇ ಗುಹೆಯಲ್ಲಿ ಶಾಲಾ ಮಕ್ಕಳ ತಂಡ ಬಂದರೆ ಯಾರ ಮಾತೂ ಕೇಳಿಸುವುದಿಲ್ಲ. ಗಲಾಟೆಯ ಮೇಲೆ ಮಾತಾಡಲು ಹೋಗದೆ, ಆ ಹೊತ್ತಿಗೆ ಪೆನ್ಸಿಲ್ ಕೊಟ್ಟು ಶೇಷಾಸೀನ ವಿಷ್ಣುವಿನ ಕೈಗಳನ್ನಷ್ಟೇ ಬರೆಯಲು ಹೇಳಿ, ತಂಡ ಹೋದ ಮೇಲೆ ಆ ಹಾಳೆಗಳಿಂದಲೇ ಮಾತು ಮುಂದುವರಿಸಿ.